ಮುಟ್ಟಿದರೆ ಮುನಿಗೆ ಮುನಿಸಿಲ್ಲ

ಭೂಮಿಯ ಮಣ್ಣು ಇನ್ನೂ ಆರದೆ ಹಸಿಹಸಿಯಾಗಿದ್ದ ಕಾಲ, ಶಾರಿ. ಗಾಳಿಗೆ ಯಾವ ಕಡೆ ಬೀಸಬೇಕೆಂದು ಗೊತ್ತಿರಲಿಲ್ಲ. ಮೇಕೆಗೆ ಏನು ತಿನ್ನಬೇಕೆಂದು ಗೊತ್ತಿರಲಿಲ್ಲ. ಆಗ ಕೆರೆಯ ದಂಡೆಯಲ್ಲಿ ಒಂದು ಪುಟ್ಟ ಗಿಡವಿತ್ತು. ಅದಕ್ಕೆ ಮುಳ್ಳಿರಲಿಲ್ಲ, ಹೆಸರೂ ಇರಲಿಲ್ಲ.

ಆ ಗಿಡಕ್ಕೆ ಎಣಿಸುವ ಹುಚ್ಚು. ನಾನು ಬೆರಳ ಗೆಣ್ಣಿನ ಮೇಲೆ ವಾರ ಎಣಿಸುತ್ತೇನಲ್ಲ, ಹಾಗೆ ಅದು ಎಲೆಯಲ್ಲಿ ಎಣಿಸುತ್ತಿತ್ತು. ಯಾರಾದರೂ ಮೆಲ್ಲಗೆ ಮುಟ್ಟಿದರೆ ಒಂದು ಪುಟಾಣಿ ಎಲೆ. ಇಬ್ಬನಿ ಮುಟ್ಟಿತು, ಒಂದೆಲೆ. ಇರುವೆ ಮುಟ್ಟಿತು, ಒಂದೆಲೆ. ಚಿಟ್ಟೆ ಮುಟ್ಟಿತು, ಇನ್ನೊಂದೆಲೆ. ಹೀಗೆ ಸಾವಿರ ಎಲೆಯಾಯಿತು.

ಆಮೇಲೆ ಗಿಡಕ್ಕೊಬ್ಬಳು ಮಗಳು ಹುಟ್ಟಿದಳು. ಗುಲಾಬಿ ಬಣ್ಣದ ಗುಂಡು ಹೂವು. ಮಹಾ ಪುಕ್ಕಲಿ.

“ಅಮ್ಮಾ, ಯಾರೋ ಬರ್ತಿದಾರೆ.”

“ಬರ್ಲಿ ಬಿಡೇ. ಸಾವಿರ ಸಲ ಮುಟ್ಟಿದಾರೆ, ಒಂದು ಸಲಾನೂ ನೋವಾಗಿಲ್ಲ. ಮುಟ್ಟೋದು ಅಂದ್ರೇನೇ ಮುದ್ದು.”

ಗಾಳಿ ಇದನ್ನು ಕೇಳಿಸಿಕೊಂಡಿತು. “ನೀನು ಎಣಿಸಿದ್ದೆಲ್ಲ ಆಗಿಹೋಗಿದ್ದು ಕಣೇ. ಬರೋದನ್ನ ಹೇಗೆ ಎಣಿಸ್ತೀಯ?”

“ಸಾವಿರ ಸಲ ಆಗಿದ್ದು ಇನ್ನೊಂದು ಸಲ ತಪ್ಪುತ್ತಾ?” ಗಿಡ ನಕ್ಕಿತು.

“ನಿನ್ನ ಲೆಕ್ಕ ನಿನಗೆ ಗೊತ್ತು. ನಾಳೆಗೆ ಗೊತ್ತಿಲ್ವಲ್ಲ,” ಎಂದು ಗಾಳಿ ಹೊರಟುಹೋಯಿತು.

ಮರುದಿನ ಮೇಕೆ ಬಂತು. ಅದರ ತುಟಿ ಎಷ್ಟು ಮೆತ್ತಗಿತ್ತೆಂದರೆ, ಇಬ್ಬನಿಯೂ ಅಷ್ಟು ಮೆತ್ತಗೆ ಮುಟ್ಟಿರಲಿಲ್ಲ. ಹೂವು ಎಲೆಯ ಮರೆಗೆ ಸರಿಯಿತು. ಗಿಡವೇ ಟೊಂಗೆ ಬಾಗಿಸಿ ಅವಳನ್ನು ಮುಂದೆ ಮಾಡಿತು.

“ಹೆದರಬೇಡ ಮಗಳೇ, ನಾನಿದೀನಲ್ಲ.”

ಸಾವಿರದ ಒಂದನೆಯ ಎಲೆ ಚಿಗುರುವ ಮೊದಲೇ ಮೇಕೆ ಹೂವನ್ನು ಕಿತ್ತು ತಿಂದಿತು. ಅದಕ್ಕೇನು ಗೊತ್ತು ಪಾಪ, ಹಸಿವಾಗಿತ್ತು.

ಗಿಡ ಎಷ್ಟು ಅತ್ತಿತೋ! ಅಳುತ್ತಲೇ ಮೈತುಂಬ ಮುಳ್ಳು ಬೆಳೆಸಿಕೊಂಡಿತು. ಬೆಳಗ್ಗೆ ಇಬ್ಬನಿ ಸಮಾಧಾನ ಹೇಳಲು ಬಂದು ಮುಟ್ಟಿದರೆ, ಎಲೆಗಳನ್ನೆಲ್ಲ ಮುಚ್ಚಿಕೊಂಡಿತು.

“ನಾನು ಕಣೇ, ಇಬ್ಬನಿ. ಯಾವತ್ತಾದ್ರೂ ನೋಯಿಸಿದೀನಾ?”

“ಇಲ್ಲ,” ಎಂದಿತು ಗಿಡ. “ಮೇಕೇನೂ ಅವತ್ತಿನವರೆಗೆ ನೋಯಿಸಿರಲಿಲ್ಲ.”

ಇಬ್ಬನಿ ಎಲೆಯಿಂದ ಮೆಲ್ಲಗೆ ಜಾರಿತು. ಗಿಡದ ಬುಡದಲ್ಲೇ ಕರಗಿ ಇಳಿದುಹೋಯಿತು.

ಆದರೆ ಮುಚ್ಚಿಕೊಂಡೇ ಇದ್ದರೆ ಬಿಸಿಲು ಸಿಗುತ್ತದೆಯೇ? ಬದುಕಬೇಕಲ್ಲ. ಸ್ವಲ್ಪ ಹೊತ್ತಿಗೆ ಗಿಡ ಅಂಜುತ್ತಂಜುತ್ತ ಮತ್ತೆ ಎಲೆ ಬಿಚ್ಚಿತು.

ಜನ ಅದಕ್ಕೆ ಮುಟ್ಟಿದರೆ ಮುನಿ ಅಂತ ಹೆಸರಿಟ್ಟರು. ತಪ್ಪು ಹೆಸರು, ಶಾರಿ. ಅದಕ್ಕೆ ಯಾರ ಮೇಲೂ ಮುನಿಸಿಲ್ಲ. ಈಗ ನಿನ್ನ ಬೆರಳು ತಾಕಿದೊಡನೆ ಎಲೆಗಳೆಲ್ಲ ಮುಚ್ಚಿಕೊಂಡವಲ್ಲ, ಅಲ್ಲಿಲ್ಲದ ಮಗಳನ್ನು ಅದು ಇವತ್ತಿಗೂ ಬಚ್ಚಿಡುತ್ತಿದೆ.