ಚುಕ್ಕಾಣಿಗ ತಿಂದ ಬೆಳ್ಳುಳ್ಳಿ

ಎಲಿಜಬೆತ್ ರಾಣಿಯ ಕಾಲ. ಲಂಡನ್ನಿನ ನದಿಯ ದಂಡೆಯಲ್ಲಿ ಆಂಬ್ರೋಸ್ ಎಂಬ ವೈದ್ಯರಿದ್ದರು. ವರ್ತಕರ ಹಡಗುಗಳು ದೂರದೇಶಗಳಿಂದ ತರುತ್ತಿದ್ದ ಸೂಜಿಗಲ್ಲುಗಳನ್ನು ಪರೀಕ್ಷಿಸುವುದೇ ಅವರ ಬದುಕಾಗಿತ್ತು.

ಒಂದು ಬೆಳಿಗ್ಗೆ ಶಿಷ್ಯ ಪಿಯರ್ಸ್ ಓಡಿ ಬಂದ. ಮಾತು ತೊದಲುತ್ತಿತ್ತು.

ಹಡಗೊಂದು ದಿಕ್ಕು ತಪ್ಪಿ ಬಂಡೆಗೆ ಬಡಿದಿತ್ತು. ಚುಕ್ಕಾಣಿಗ ಬೆಳ್ಳುಳ್ಳಿ ತಿಂದಿದ್ದ, ಅವನ ಉಸಿರು ತಾಗಿಯೇ ದಿಕ್ಸೂಚಿಯ ಸೂಜಿ ಉತ್ತರ ತೋರುವ ಶಕ್ತಿ ಕಳೆದುಕೊಂಡು ಸತ್ತಿತು ಎಂದು ಹಡಗಿನ ಒಡೆಯರಾದ ವರ್ತಕರು ತೀರ್ಮಾನಿಸಿದ್ದರು. ಮಧ್ಯಾಹ್ನ ಬಂದರಿನಲ್ಲಿ ಅವನಿಗೆ ನೂರು ಛಡಿಯೇಟು. ಅಷ್ಟು ತಿಂದು ಬದುಕಿದವರಿಲ್ಲ.

"ಯಾರು ಅವನು?" ಆಂಬ್ರೋಸ್ ಕೇಳಿದರು.

"ನನ್ನ ಅಣ್ಣ."

ಬೆಳ್ಳುಳ್ಳಿಯ ಉಸಿರಿಗೆ ಸೂಜಿ ಸಾಯುತ್ತದೆಯೇ ಎಂದು ಒಡೆಯರು ಹಿಂದಿನ ದಿನ ಪಿಯರ್ಸನನ್ನೇ ಕೇಳಿದ್ದರು. ಯಾರ ವಿಷಯ ಎಂದು ಹೇಳಿರಲಿಲ್ಲ. ಅವನು ಹೌದೆಂದಿದ್ದ.

"ಮಾಡಿ ನೋಡಿದ್ದೆಯಾ?"

"ಇಲ್ಲ. ಎಲ್ಲ ಪುಸ್ತಕಗಳಲ್ಲೂ ಹಾಗೆಯೇ ಇದೆ, ಗುರುಗಳೇ."

"ಬರೆದವರಲ್ಲಿ ಒಬ್ಬರಾದರೂ ಬೆಳ್ಳುಳ್ಳಿ ಸುಲಿದಿದ್ದರೋ?"

ಆಂಬ್ರೋಸ್ ಅಡುಗೆಮನೆಯಿಂದ ಬೆಳ್ಳುಳ್ಳಿ ತಂದು, ದಿಕ್ಸೂಚಿಯನ್ನು ಮುಂದಿಟ್ಟರು.

"ಸೂಜಿಗೆ ಉಜ್ಜು."

ಪಿಯರ್ಸನ ಕೈ ಮುಂದಾಗಲಿಲ್ಲ.

"ಸೂಜಿ ಸತ್ತರೆ ಅಣ್ಣ ತಪ್ಪಿತಸ್ಥ. ಸಾಯದಿದ್ದರೆ, ಅವನನ್ನು ಕೊಲ್ಲುತ್ತಿರುವುದು ನನ್ನ ಮಾತು."

"ಉಜ್ಜು."

ಉಜ್ಜಿದ. ಬೆರಳಿನಿಂದ ಸೂಜಿಯನ್ನು ಬೇರೆ ಕಡೆಗೆ ತಿರುಗಿಸಿ ಬಿಟ್ಟ. ಅದು ಅತ್ತಿತ್ತ ತೂಗಾಡಿ ಉತ್ತರಕ್ಕೇ ಬಂದು ನಿಂತಿತು.

ಪಿಯರ್ಸ್ ಅಲ್ಲೇ ಕುಸಿದು ಕೂತು ಅತ್ತ. ಅಳು ನಿಂತ ಮೇಲೆ ಇನ್ನೊಂದು ಭಯ ಹಿಡಿಯಿತು. ಆ ವರ್ತಕರ ಮುಂದೆ ಬಂದರಿನಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ನಿನ್ನೆ ಹೇಳಿದ್ದು ಸುಳ್ಳು ಎಂದರೆ ಅದೇ ಛಡಿ ತನ್ನ ಬೆನ್ನಿಗೂ ಬೀಳಬಹುದು.

"ನಿಮಗೆ ಸೂಜಿಗಲ್ಲು ತರುವುದೂ ಅವರ ಹಡಗುಗಳೇ. ಅವರು ಮುನಿದರೆ?"

"ಇನ್ನು ಕಲ್ಲು ಬರುವುದಿಲ್ಲ."

"ನಿಮಗೆ ಭಯವಿಲ್ಲವೇ?"

"ಇದೆ."

ಆಂಬ್ರೋಸ್ ಎರಡು ಎಸಳು ಸುಲಿದರು. ಒಂದನ್ನು ತಾವೇ ಬಾಯಿಗೆ ಹಾಕಿಕೊಂಡರು. ಇನ್ನೊಂದನ್ನು ಶಿಷ್ಯನ ಅಂಗೈಗೆ ಇಟ್ಟರು. ದಿಕ್ಸೂಚಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದರಿಗೆ ಹೊರಡಲು ಬಾಗಿಲು ತೆರೆದರು.

"ಚೆನ್ನಾಗಿ ಅಗಿ. ಇಬ್ಬರೂ ಉಸಿರೆತ್ತಬೇಕಾಗಿದೆ."