ದೃಷ್ಟಿಗೆ ಕಟ್ಟಿದ ಚಪ್ಪಲಿ

ಹಿತ್ತಲಿನ ಜಪಾನಿ ಮರಸೇಬಿನ ಗಿಡ ಆ ವರ್ಷ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿತು. ದೃಷ್ಟಿ ತಾಗದಿರಲೆಂದು ಪದ್ಮಾಕ್ಷಮ್ಮ ಅದರ ಕೊಂಬೆಗೊಂದು ಹಳೇ ಚಪ್ಪಲಿ ಕಟ್ಟಿದರು.

ಬೇಲಿಗೆ ಸಿಕ್ಕಿಸಿದ್ದ ಕತ್ತರಿ ಹೇಳಿತು: "ಗೊಂಚಲಿಗೊಂದೇ ಕಾಯಿ ಉಳಿಸಿಕೊ. ಮಿಕ್ಕಿದ್ದನ್ನು ಈಗಲೇ ಕತ್ತರಿಸಿಬಿಡುತ್ತೇನೆ. ಇಲ್ಲದಿದ್ದರೆ ಭಾರಕ್ಕೆ ಕೊಂಬೆ ಮುರಿಯುತ್ತದೆ."

"ನೋಡಿದಿರಾ ಚಪ್ಪಲಿಯವರೇ, ಇದರ ಹೊಟ್ಟೆಕಿಚ್ಚು!" ಎಂದಿತು ಗಿಡ.

"ಹೆದರಬೇಡಿ, ನಾನಿದ್ದೇನಲ್ಲ," ಎಂದಿತು ಚಪ್ಪಲಿ.

ಕಾಯಿ ಬಲಿಯುವ ಹೊತ್ತಿಗೆ ಕೊಂಬೆ ಲಟಕ್ಕನೆ ಮುರಿದು, ಚಪ್ಪಲಿಯ ಸಮೇತ ನೆಲಕ್ಕೆ ಬಿತ್ತು. ಪದ್ಮಾಕ್ಷಮ್ಮ ಓಡಿಬಂದು ಹಣೆ ಚಚ್ಚಿಕೊಂಡರು. "ಅಯ್ಯೋ, ಯಾರ ಕಣ್ಣು ಬಿತ್ತೋ! ಒಂದು ಚಪ್ಪಲಿ ಸಾಲಲಿಲ್ಲ. ಕಾಯಿಬಿಟ್ಟ ಗಿಡದ ಪಕ್ಕ ಕತ್ತರಿ ಬೇರೆ!"

ಉಳಿದ ಕೊಂಬೆಗೆ ಜೋಡಿ ಚಪ್ಪಲಿ ಕಟ್ಟಿ, ಕತ್ತರಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು.

ಕೊಂಬೆ ಮುರಿದ ಗಿಡ ನೆಮ್ಮದಿಯ ನಿಟ್ಟುಸಿರುಬಿಟ್ಟಿತು: "ಅಂತೂ ಕೆಟ್ಟ ಕಣ್ಣು ತೊಲಗಿತು."