ಅಪ್ಪನವರು ಪುರಾಣ ನಿಲ್ಲಿಸಿದ ಸಂಜೆ

ಬೋರಗಟ್ಟಿಯ ಪೂಜ್ಯ ಶ್ರೀ ಸಂಗಮಲಿಂಗ ಅಪ್ಪನವರು ಮಠದ ದೊಡ್ಡ ಕೋಣೆಯಲ್ಲಿ ಎಂದೂ ವಾಸಿಸಲಿಲ್ಲ. ಹಿಂಬದಿಯ ತಗಡಿನ ಚಪ್ಪರವೇ ಅವರಿಗೆ ಸಾಕಾಗಿತ್ತು. ಹೊಲದ ಬದುವಿನಿಂದ ತಾವೇ ಆರಿಸಿ ತಂದ ನೆಗ್ಗಿಲುಮುಳ್ಳನ್ನು ಜಜ್ಜಿ, ಮೂರು ಕಲ್ಲಿನ ಒಲೆಯ ಮೇಲೆ ಕಷಾಯ ಕುದಿಸಿ, ಮೂತ್ರ ಸಲೀಸಾಗದ ವಯಸ್ಸಾದ ಗಂಡಸರಿಗೆ ದಿನಾ ಬೆಳಿಗ್ಗೆ ಕೊಡುತ್ತಿದ್ದರು. ಕುಡಿದವರಿಗೆ ಒಂದಿಷ್ಟು ಹಗುರವೆನಿಸುತ್ತಿತ್ತು. ಅಷ್ಟಕ್ಕೇ ನಮ್ಮ ಜನ ಅದನ್ನು ಪ್ರಸಾದವೆಂದರು. ಆ ಪ್ರಸಾದ ಕುಡಿದವನು ದವಾಖಾನೆಯ ಮೆಟ್ಟಿಲು ಹತ್ತಿದರೆ ಅಪ್ಪನವರಿಗೆ ಅವಮಾನವೆಂದು ತಾವೇ ಒಂದು ನಿಯಮ ಹುಟ್ಟಿಸಿಕೊಂಡರು. ಅಪ್ಪನವರು ಹಾಗೆ ಎಂದೂ ಹೇಳಿರಲಿಲ್ಲ. ಗುರು ಆಡದ ಮಾತನ್ನು ಗುರುವಿನ ಬಾಯಿಗೆ ತುರುಕುವ ಭಕ್ತಿಯನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಭಕ್ತರಲ್ಲಿ ನಾನೂ ಒಬ್ಬನಾಗಿದ್ದೆ, ಅದಕ್ಕೇ ಇನ್ನೂ ಹೆಚ್ಚು ಉರಿಯುತ್ತದೆ.

ಶ್ರಾವಣದಲ್ಲಿ ಮಠದೊಳಗೆ ದಿನಾ ಸಂಜೆ ಪುರಾಣ. ಓದುವವರು ಅಡಿವೆಯ್ಯ ಶಾಸ್ತ್ರಿಗಳು, ಅರವತ್ತೆಂಟು ದಾಟಿದವರು. ಪುರಾಣಿಕ ಒಮ್ಮೆ ಅಧ್ಯಾಯ ಹಿಡಿದು ಕೂತರೆ ಮಂಗಳಾರತಿಯವರೆಗೆ ಏಳಬಾರದು, ಎದ್ದರೆ ಊರಿಗೆ ಅಮಂಗಳ ಎಂಬುದು ನಮ್ಮಲ್ಲಿಯ ಪದ್ಧತಿ. ಎರಡೂವರೆ ತಾಸು! ಗಳಿಗೆಗೊಮ್ಮೆ ಮೂತ್ರದ ಅವಸರವಾಗುವ ಮನುಷ್ಯ ಏನು ಮಾಡಬೇಕು? ಶಾಸ್ತ್ರಿಗಳು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಟ್ಟರು. ಅವಸರವಾದರೂ ತಡೆದು ಕೂತರು. ಯಾರಿಗೂ ಬಾಯಿ ಬಿಡಲಿಲ್ಲ.

ಎರಡನೆಯ ಸೋಮವಾರ ಅವರ ದನಿ ನಡುನಡುವೆ ನಿಲ್ಲತೊಡಗಿತು. ಹಣೆಯಿಂದ ಬೆವರು ಪುಸ್ತಕದ ಮೇಲೆ ಬೀಳುತ್ತಿತ್ತು. ಎಡಗೈಯಿಂದ ಕಿಬ್ಬೊಟ್ಟೆ ಒತ್ತಿಕೊಂಡಿದ್ದರು. ಭಾವಪರವಶರಾಗಿದ್ದಾರೆಂದು ಮುಂದಿನ ಸಾಲಿನಲ್ಲಿದ್ದ ನಾನು ಕೈಮುಗಿದೆ, ಮೂರ್ಖ! ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದ ಅಪ್ಪನವರು ಎದ್ದು ನೇರವಾಗಿ ಮುಂದೆ ಬಂದರು.

“ಶಾಸ್ತ್ರಿಗಳ, ಪುಸ್ತಕ ಮುಚ್ಚರಿ.”

“ಅಪ್ಪಾರ, ಅಧ್ಯಾಯ ನಡದೈತ್ರಿ. ನಡುವ ನಿಂದರಸಬಾರದ್ರಿ” ಎಂದೆ ನಾನು. ಅಪ್ಪನವರು ನನ್ನನ್ನು ದುರುಗುಟ್ಟಿ ನೋಡಿ ಶಾಸ್ತ್ರಿಗಳತ್ತ ಬಾಗಿದರು.

“ಮೂತ್ರ ಆಗಿ ಎಷ್ಟೊತ್ತಾತು?” ಎಂದು ಶಾಸ್ತ್ರಿಗಳನ್ನು ಕೇಳಿದರು.

“ನಿನ್ನೆ ರಾತ್ರಿಯಿಂದ ಆಗಿಲ್ರಿ ಅಪ್ಪಾರ. ಅದಕ್ಕೂ ಮೊದಲ ಒಂದ ತಿಂಗಳಿಂದ ರಕ್ತ ಬರತಿತ್ರಿ. ನಿಮ್ಮ ಪ್ರಸಾದ ಕುಡಿಯಾಕತ್ತೇನ್ರಿ. ದವಾಖಾನಿಗೆ ಹೋದ್ರ ನಿಮಗ ಅವಮಾನ...”

“ಅದು ಮುಳ್ಳಿನ ನೀರೋ ಮಾರಾಯಾ! ನನ್ನ ಮಾನ ಕಾಯಾಕ ನೀ ಸಾಯ್ತಿ ಏನು?”

ಆ ಶಾಂತಮೂರ್ತಿಗಳು ಹಾಗೆ ಗುಡುಗಿದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ. ಶಾಸ್ತ್ರಿಗಳನ್ನು ತಾವೇ ತೋಳು ಹಿಡಿದು ಎಬ್ಬಿಸಿ, ಹೊರಗಿದ್ದ ಜೀಪಿನಲ್ಲಿ ಕೂಡಿಸಿ, ತಾಲೂಕಿನ ದವಾಖಾನೆಗೆ ಕಳಿಸಿದರು. ಜೀಪು ಹೊರಟ ಮೇಲೆ ಒಳಗೆ ಬಂದ ಅಪ್ಪನವರು ಕೂಡಲಿಲ್ಲ.

“ನನಗೂ ಈ ತ್ರಾಸ ಐತಿ. ಹ್ವಾದ ವರ್ಷನ ಡಾಕ್ಟರಿಗೆ ತೋರಿಸೀನಿ, ಗುಳಿಗಿ ತಗೋತೀನಿ. ಇನ್ನ ಯಾರ‍್ಯಾರು ಮುಚ್ಚಿಟ್ಟೀರಿ, ಏಳ್ರಿ.”

ಯಾರೂ ಏಳಲಿಲ್ಲ. ನಾನು ತಲೆ ತಗ್ಗಿಸಿದೆ. ರಾತ್ರಿ ನಾಲ್ಕು ಸಲ ಎದ್ದು ಹನಿ ಹನಿಗೆ ಕಾಯುತ್ತ ನಿಲ್ಲುವುದನ್ನು ಎರಡು ವರ್ಷ ಹೆಂಡತಿಯಿಂದಲೂ ಮುಚ್ಚಿಟ್ಟಿದ್ದೆ. ಆಕೆ ಶರಣವ್ವ, ಆಚೆ ಬದಿಗೆ ಹೆಂಗಸರ ನಡುವೆ ಕೂತಿದ್ದಳು.

“ಹೆಣ್ಮಕ್ಕಳ ಮುಂದ ನಾಚಿಕಿ ಬರತೈತೇನು?” ಎಂದರು ಅಪ್ಪನವರು. “ನಿಮ್ಮ ಹೆಣದ ಮುಂದ ಅಳಾವ್ರು ಅವರ.”

ನಾನು ಎದ್ದೆ. ಅಪ್ಪನವರ ಮೇಲೆ ಸಿಟ್ಟು, ನನ್ನ ಮೇಲೆ ಅದರ ಹತ್ತುಪಟ್ಟು ಸಿಟ್ಟು. ಬೆನ್ನ ಹಿಂದೆ ಚಾಪೆಗಳು ಸರಿದ ಸದ್ದಾಯಿತು. ತಿರುಗಿ ನೋಡಿದರೆ ಹದಿನೇಳು ಮಂದಿ ನಿಂತಿದ್ದರು, ಮಠದ ಕಮಿಟಿಯ ಅಧ್ಯಕ್ಷರೂ ಸೇರಿ.

ಅಂದು ಮಂಗಳಾರತಿ ಆಗಲಿಲ್ಲ. ಊರಿಗೆ ಅಮಂಗಳವೂ ಆಗಲಿಲ್ಲ. ಶಾಸ್ತ್ರಿಗಳಿಗೆ ನಳಿಕೆ ಹಾಕಿ ಮೂತ್ರ ತೆಗೆದರು, ಮುಂದೆ ಆಪರೇಷನ್ನೂ ಆಯಿತು. ಇನ್ನೆರಡು ದಿನ ತಡವಾಗಿದ್ದರೆ ಕಿಡ್ನಿ ಕೈಕೊಡುತ್ತಿದ್ದವು ಎಂದರಂತೆ ಡಾಕ್ಟರು.

ಅಪ್ಪನವರು ಕಷಾಯವನ್ನೇನೂ ನಿಲ್ಲಿಸಲಿಲ್ಲ. “ಹಗಲೊತ್ತು ನೀರ ಕುಡೀರಿ, ರಾತ್ರಿ ಕಡಿಮಿ ಮಾಡ್ರಿ, ಚಾ ಬಿಡ್ರಿ, ನಡದಾಡ್ರಿ, ಬಂದದ್ದನ್ನ ತಡೀಬ್ಯಾಡ್ರಿ” ಎಂದು ಗದರುತ್ತಲೇ ಸುರಿಯುತ್ತಿದ್ದರು. ಆದರೆ ಸುರಿಯುವ ಮೊದಲು ಪ್ರತಿಯೊಬ್ಬನಿಗೂ ಒಂದೇ ಪ್ರಶ್ನೆ: “ಡಾಕ್ಟರ್ ಏನಂದ್ರು?”

ದವಾಖಾನೆಗೆ ಹೋಗಿ ಬಂದ ಮರುದಿನ ನಾನು ಲೋಟ ಹಿಡಿದು ನಿಂತಾಗಲೂ ಅದನ್ನೇ ಕೇಳಿದರು. ಸುತ್ತ ಜನ, ಪಕ್ಕದಲ್ಲಿ ಶರಣವ್ವ. ನಾನು ಪಿಸುಗುಟ್ಟಿದೆ.

“ಕಳವು ಮಾಡೀಯೇನು? ಜೋರಾಗಿ ಹೇಳು.”

“ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗೈತಂತ್ರಿ, ಗುಳಿಗಿ ಕೊಟ್ಟಾರ್ರಿ” ಎಂದು ಜನ್ಮದಲ್ಲಿ ಮೊದಲ ಸಲ, ಎಲ್ಲರಿಗೂ ಕೇಳುವಂತೆ ಹೇಳಿದೆ. ಹೇಳಿ ಮುಗಿಯುವ ಮೊದಲೇ ಅತ್ತುಬಿಟ್ಟೆ. ಶರಣವ್ವ ನನ್ನ ಕೈಯಿಂದ ಲೋಟ ಇಸಿದುಕೊಂಡು ತಾನೇ ಅಪ್ಪನವರ ಮುಂದೆ ಹಿಡಿದಳು.